ಮಾನಕ್ಕಿಂತ ಮಗು ದೊಡ್ಡದು: ಮದ್ರಸದಲ್ಲೂ ಬೇಕು ಸುರಕ್ಷತೆಯ ಪಾಠ

ಬೆಳಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್. ಉಳಿದ ಹೊತ್ತೆಲ್ಲ ಮೊಬೈಲ್. ಗಲ್ಫ್‌ನಲ್ಲಿರುವ ತಂದೆಯ ಮುಖ ನೋಡಲಿಕ್ಕೆಂದು ಮನೆಗೆ ಬಂದ ಫೋನ್ ಈಗ ಗೇಮ್, ರೀಲ್ಸ್, ಅಪರಿಚಿತರ ಮೆಸೇಜ್ ಎಲ್ಲದಕ್ಕೂ ಬಾಗಿಲು. ವಾಟ್ಸ್‌ಆಪ್, ಇನ್‌ಸ್ಟಾಗ್ರಾಮ್ ಬಳಸಲು ಕನಿಷ್ಠ ವಯಸ್ಸು 13 ಎಂಬುದು ನಮ್ಮಲ್ಲಿ ಎಷ್ಟು ಉಮ್ಮಂದಿರಿಗೆ ಗೊತ್ತು?

ಮೋಸ ಶುರುವಾಗುವುದು ಬೆದರಿಕೆಯಿಂದಲ್ಲ, ಹೊಗಳಿಕೆಯಿಂದ. ಗೇಮ್‌ನಲ್ಲಿ ಪರಿಚಯ, ಒಂದೆರಡು ಉಚಿತ ಕಾಯಿನ್, ನಂತರ 'ಮನೆಯಲ್ಲಿ ಹೇಳ್ಬೇಡ ಆಯ್ತಾ' ಎಂಬ ಮಾತು. ಮುಂದೆ ಫೋಟೊ ಕೇಳುತ್ತಾರೆ. ಫೋಟೊ ಕೈಸೇರಿದ ಮೇಲೆಯೇ ಬೆದರಿಕೆ. ಗುಟ್ಟು ಇಟ್ಟುಕೊಳ್ಳಲು ಹೇಳುವ ದೊಡ್ಡವರ ಬಗ್ಗೆ ಎಚ್ಚರ ಇರಲಿ ಎಂಬುದೇ ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ. ಅದು ಗಂಡುಮಕ್ಕಳಿಗೂ ಬೇಕು. 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಅನ್ವಯಿಸುತ್ತದೆ.

'ಮದ್ರಸದಲ್ಲಿ ಇದೆಲ್ಲ ಹೇಳ್ಲಿಕ್ಕಾಗ್ತದಾ?' ಎಂದು ಕೇಳುವವರಿದ್ದಾರೆ. ದಿನದ ಮೂರು ಹೊತ್ತು ಮಕ್ಕಳೂ ಅನುಮತಿ ಕೇಳಿಯೇ ಹಿರಿಯರ ಕೋಣೆಗೆ ಬರಬೇಕೆಂದು ಸೂರತುನ್ನೂರ್ ಕಲಿಸುತ್ತದೆ. ದೇಹದ ಮರ್ಯಾದೆ, ಖಾಸಗಿತನ ನಮಗೆ ಹೊಸ ವಿಷಯವೇನಲ್ಲ. ಉಸ್ತಾದರು ಅದೇ ಎಳೆ ಹಿಡಿದು, 'ನಿನ್ನ ದೇಹ ನಿನಗೆ ಸಿಕ್ಕ ಅಮಾನತ್, ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಬೇಡ ಎನ್ನು, ಓಡು, ಬಂದು ಹೇಳು' ಎಂದರೆ ಸಾಕು. ಮುಟ್ಟಿದವನು ಮನೆಯವನೇ ಆಗಿರಲಿ, ಕಲಿಸುವವನೇ ಆಗಿರಲಿ, ಹೇಳಬೇಕು ಎಂಬುದನ್ನೂ ಸೇರಿಸಬೇಕು.

ಮಗು ಬಂದು ಹೇಳಿದಾಗ ಏನು ಮಾಡ್ಬೇಕು? ಬೈಯಬಾರದು, ಫೋನ್ ಕಿತ್ತುಕೊಳ್ಳಬಾರದು. ಒಮ್ಮೆ ಬೈಗುಳ ತಿಂದ ಮಗು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ಚಾಟ್ ಅಳಿಸದೆ ಹಾಗೇ ಇಡಿ, ಪೊಲೀಸರಿಗೆ ಅದೇ ಸಾಕ್ಷ್ಯ. ಮಗುವಿನ ಫೋಟೊವನ್ನು ಸಹಾಯ ಕೇಳಲಿಕ್ಕೆಂದೂ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಅದೂ ಅಪರಾಧವಾದೀತು. ಮಕ್ಕಳ ಸಹಾಯವಾಣಿ 1098ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಮಗುವೇ ಮಾಡಬಹುದು. ಆನ್‌ಲೈನ್ ಹಣ ಹೋಗಿದ್ದರೆ ತಕ್ಷಣ 1930.

ನಮ್ಮಲ್ಲಿ ಇಂಥ ವಿಷಯ ಜಮಾಅತ್ ಕಮಿಟಿಯ ಕೋಣೆಯಲ್ಲೇ 'ಮುಗಿಸುವ' ಅಭ್ಯಾಸ ಇದೆ. ಕುಟುಂಬದ ಮಾನ, ಮಗಳ ಮದುವೆ ಎಂಬ ಭಯ ಅದರ ಹಿಂದಿದೆ. ಆದರೆ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ತಪ್ಪು ಮುಚ್ಚಿಟ್ಟರೆ 1 ವರ್ಷದವರೆಗೆ. ಮಾನದ ಭಯಕ್ಕೂ ಅದೇ ಕಾಯ್ದೆಯಲ್ಲಿ ಉತ್ತರವಿದೆ: ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಪತ್ರಿಕೆಗಳು ಬಹಿರಂಗ ಮಾಡುವಂತಿಲ್ಲ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವಿನ ಮನೆಯಲ್ಲೇ ಹೇಳಿಕೆ ಪಡೆಯಬಹುದು.

ಮುಂದಿನ ಶುಕ್ರವಾರ ಖತೀಬರು ಐದು ನಿಮಿಷ ಇದಕ್ಕೆ ಕೊಡಲಿ. ಮದ್ರಸದ ನೋಟಿಸ್ ಬೋರ್ಡಿನಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ 1098 ಎಂದು ದೊಡ್ಡದಾಗಿ ಬರೆಯಿರಿ. ಖರ್ಚು ಒಂದು ಹಾಳೆ ಕಾಗದ ಮಾತ್ರ.