ಹುಬ್ಬಳ್ಳಿ-ಧಾರವಾಡದ ಸಂಗೀತ ಸಭಾಗೃಹಗಳು: ಒಂದು ವಿವೇಚನೆ

ಹುಬ್ಬಳ್ಳಿ-ಧಾರವಾಡ ಪ್ರದೇಶವು ಹಿಂದುಸ್ತಾನಿ ಸಂಗೀತದ ನೆಲೆವೀಡೆಂಬುದು ಸರ್ವವಿದಿತ. ಆ ಸಂಗೀತವು ಎಂತಹ ಸ್ಥಳಗಳಲ್ಲಿ ಬೆಳೆಯಿತೆಂದು ವಿಚಾರಿಸಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಇಲ್ಲಿ ಗಾಯಕರು ಮೊದಲು ಬಂದರು. ಸಭಾಗೃಹಗಳು ಅವರನ್ನು ಹಿಂಬಾಲಿಸಿದವು.

ಮೈಸೂರು ಆಸ್ಥಾನಕ್ಕೆ ಹೋಗಿಬರುತ್ತಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು (1872-1937) ಹುಬ್ಬಳ್ಳಿಗೆ ಸಮೀಪದ ಕುಂದಗೋಳದ ನಾಡಿಗೇರ ವಾಡೆಯಲ್ಲಿ ತಂಗುತ್ತಿದ್ದರು. ಅವರ ಶಿಷ್ಯರಾದ ರಾಮಚಂದ್ರ ಕುಂದಗೋಳಕರರು ಮುಂದೆ ಸವಾಯಿ ಗಂಧರ್ವರೆಂದು (1886-1952) ಪ್ರಸಿದ್ಧರಾದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಅವರಲ್ಲಿ ಪಾಠ ಹೇಳಿಸಿಕೊಂಡರು. ವಾಡೆಯ ಜೊತೆಗೆ ಇನ್ನೊಂದು ನೆಲೆಯೆಂದರೆ ನಾಟಕ ಮಂಡಳಿಗಳ ರಂಗಭೂಮಿ. ಸವಾಯಿ ಗಂಧರ್ವರೂ, ಬಾಲ್ಯದಲ್ಲಿ ಮಲ್ಲಿಕಾರ್ಜುನ ಮನಸೂರರೂ ರಂಗದ ಮೇಲೆ ಹಾಡಿದವರೇ. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕೊನೆಯ ಸಾಲಿನವರೆಗೆ ಸ್ವರವನ್ನು ಮುಟ್ಟಿಸುವುದು ನಟನ ಕರ್ತವ್ಯವಾಗಿತ್ತು.

ಸಂಗೀತಕ್ಕೆ ಸ್ಥಳವು ಒದಗುವ ಬಗೆಯನ್ನು ಶಾಸ್ತ್ರದೃಷ್ಟಿಯಿಂದಲೂ ವಿವರಿಸಬಹುದು. ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಲೇಸ್ ಸ್ಯಾಬಿನ್ನನು 1895ರಲ್ಲಿ ಆರಂಭಿಸಿದ ಪ್ರಯೋಗಗಳಿಂದ ಈ ನಿಯಮವು ಹೊರಪಟ್ಟಿತು: ಕೋಣೆಯ ಗಾತ್ರವು ಹೆಚ್ಚಿದಂತೆ ಅನುರಣನದ ಅವಧಿಯು ಹೆಚ್ಚುತ್ತದೆ, ಧ್ವನಿಯನ್ನು ಹೀರುವ ಸಾಮಗ್ರಿಯು ಹೆಚ್ಚಿದಂತೆ ಅದು ಕುಗ್ಗುತ್ತದೆ. ಬೈಠಕ್ಕಿನ ಪಡಸಾಲೆಯಲ್ಲಿ ನೆಲದ ಮೇಲಿನ ಜಮಖಾನೆಯೂ ಒತ್ತಾಗಿ ಕುಳಿತ ಜನರೂ ಧ್ವನಿಯನ್ನು ಹೀರುತ್ತಾರೆ. ಆದ್ದರಿಂದ ವೇಗದ ತಾನಿನ ಒಂದೊಂದು ಸ್ವರವೂ ಬಿಡಿಯಾಗಿ ಕೇಳಿಸುತ್ತದೆ. ತಂಬೂರಿಯ ನಾದವೂ ಮರೆಯಾಗುವುದಿಲ್ಲ. ದೊಡ್ಡ ಸಭಾಗೃಹದ ಬರಿಯ ಗೋಡೆಗಳ ನಡುವೆ ಇದೇ ತಾನು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಧ್ವನಿವರ್ಧಕವು ಸ್ವರವನ್ನು ದೊಡ್ಡದು ಮಾಡಬಲ್ಲುದು, ಈ ಕಲಬೆರಕೆಯನ್ನು ನೀಗಲಾರದು.

1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡಕ್ಕೆ ಸಾರ್ವಜನಿಕ ಸಭೆಯ ಪರಿಪಾಠವನ್ನು ತಂದುಕೊಟ್ಟಿತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಕೇಂದ್ರವು ಶ್ರೋತೃಗಳಿಲ್ಲದ ಒಂದು ಹೊಸ ಬಗೆಯ ಸಭಾಗೃಹವನ್ನೇ ನಿರ್ಮಿಸಿತೆನ್ನಬಹುದು. ಅಲ್ಲಿ ಗಾಯಕನಿಗೆ ಮೆಚ್ಚುಗೆಯ ಉದ್ಗಾರವಿಲ್ಲ. ಗಡಿಯಾರದ ಮುಳ್ಳೇ ಶ್ರೋತೃ. ಆದರೆ ಮನೆಮನೆಯೂ ಅದರ ಪಡಸಾಲೆಯಾಯಿತು.

ಇಂದು ಹುಬ್ಬಳ್ಳಿಯ ಸಭಾಗೃಹವೊಂದು ಸವಾಯಿ ಗಂಧರ್ವರ ಹೆಸರನ್ನೂ ಧಾರವಾಡದ ಕಲಾಭವನವು ಮಲ್ಲಿಕಾರ್ಜುನ ಮನಸೂರರ (1910-1992) ಹೆಸರನ್ನೂ ಧರಿಸಿವೆ. ಹೆಸರಿನ ಗೌರವವು ಉಚಿತವಾದುದೇ. ಆದರೆ ಭಾಷಣ, ನಾಟಕ, ಸನ್ಮಾನಗಳೆಲ್ಲಕ್ಕೂ ಸಲ್ಲುವ ಸಭಾಗೃಹವು ಖ್ಯಾಲಗಾಯನಕ್ಕೂ ತಾನಾಗಿ ಸಲ್ಲುತ್ತದೆಂದು ಭಾವಿಸಲಾಗದು. ಕಾಲದ ಮಾತೂ ಇಲ್ಲಿ ಮುಖ್ಯ. ನಿಗದಿಯಾದ ವೇಳೆಗೆ ಬಾಗಿಲು ಮುಚ್ಚುವ ಸಭಾಗೃಹದಲ್ಲಿ ಅಪರಾತ್ರಿಯ ಹಾಗೂ ಬೆಳಗಿನ ಜಾವದ ರಾಗಗಳಿಗೆ ಎಡೆಯೆಲ್ಲಿ? ಸವಾಯಿ ಗಂಧರ್ವರ ಸ್ಮರಣೆಯ ಅಹೋರಾತ್ರಿ ಉತ್ಸವವು ನಾಡಿಗೇರ ವಾಡೆಯಲ್ಲಿ ನಡೆದುಬಂದಿರುವುದು ಈ ದೃಷ್ಟಿಯಿಂದ ವಿಶೇಷ ಮಹತ್ವದ್ದು.

ಆದುದರಿಂದ ಹಳೆಯ ವಾಡೆಗಳನ್ನು ಕೇವಲ ಸ್ಮಾರಕಗಳೆಂದಲ್ಲ, ಸಂಗೀತಕ್ಕೆ ಒದಗುವ ಕಟ್ಟಡದ ಅಳತೆಗೋಲುಗಳೆಂದೂ ರಕ್ಷಿಸಬೇಕು. ಅವುಗಳ ಅನುರಣನವನ್ನು ಅಳೆದು ದಾಖಲಿಸಬೇಕು. ಗಾಯಕರ ಹೆಸರಿಟ್ಟ ಸಭಾಗೃಹವು ಅವರ ಗಾಯನಕ್ಕೆ ಯೋಗ್ಯವಾಗಿದ್ದಾಗಲೇ ಆ ಹೆಸರು ಸಾರ್ಥಕವಾಗುತ್ತದೆ.