ಜೋಳದ ಋಣ

ಅನ್ನವಿಕ್ಕಿದ ಒಡೆಯನಿಗಾಗಿ ಪ್ರಾಣವನ್ನಾದರೂ ತೆರುವ ನಿಷ್ಠೆಗೆ ಹಳಗನ್ನಡವು ‘ಜೋಳವಾಳಿ’ ಎಂದು ಹೆಸರಿಟ್ಟಿತು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ತನ್ನ ಸ್ವಾಮಿಭಕ್ತಿಯನ್ನು ಸೂಚಿಸುವುದೂ ‘ಜೋಳದ ಪಾಳಿ’ ಎಂಬ ಮಾತಿನಿಂದಲೇ. ಆ ಋಣಕ್ಕೆ ಜೋಳದ ಹೆಸರೇ ಏಕೆ ಬಂದಿತೆಂಬುದು ಹುನಗುಂದದ ಎರೆಹೊಲಗಳನ್ನು ಕಂಡವರಿಗೆ ತಿಳಿಯುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳವು ನೆಲ ಹಿಡಿದಿಟ್ಟ ತೇವವನ್ನೇ ನೆಚ್ಚಿ ತೆನೆಗಟ್ಟುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ.

ಗೋದಿಯ ಜಿಗುಟು ಜೋಳದ ಹಿಟ್ಟಿಗಿಲ್ಲ. ಆದುದರಿಂದಲೇ ಅದಕ್ಕೆ ಕುದಿನೀರೆರೆದು ನಾದಿ, ಅಂಗೈಯಿಂದ ತಟ್ಟಿ ರೊಟ್ಟಿಯನ್ನು ಹಿಗ್ಗಿಸಬೇಕು. ಗೋದಿ ಒಗ್ಗದ ದೇಹಕ್ಕೂ ಇದು ಸಲ್ಲುವ ಆಹಾರ, ನಾರಿನಂಶವೂ ಉಂಟು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆಯೆಂಬುದು ನಿಜ; ಆ ಕೊರತೆಯನ್ನು ಮಡಕಿಕಾಳಿನ ಪಲ್ಯ ತುಂಬಿಕೊಡುತ್ತದೆ. ಶಾಸ್ತ್ರವು ಹೆಸರಿಟ್ಟು ಹೇಳುವ ಮೊದಲೇ ನಮ್ಮ ಗಂಗಾಳದಲ್ಲಿ ಇವೆರಡೂ ಕೂಡಿದ್ದವು.

ಎಳ್ಳಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಒಯ್ಯುವ ಒಕ್ಕಲಿಗರು, ತಾವು ಉಣ್ಣುವ ಮುನ್ನ ಬೆಳೆಗೆ ಚರಗ ಚೆಲ್ಲುತ್ತಾರೆ. ಉಣಿಸಿದ ನೆಲಕ್ಕೆ ಮೊದಲ ತುತ್ತು! ರಣರಂಗದ ಜೋಳವಾಳಿಗಿಂತ ಇದು ಹಿರಿದೆಂದು ನನ್ನ ಭಾವನೆ.

ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವಾಗಿ ಆಚರಿಸಿದಾಗ ಜೋಳಕ್ಕೂ ಆ ಮನ್ನಣೆ ದೊರೆಯಿತು. ಆದರೆ ಹೊಗಳಿಕೆಯಿಂದ ಹಂಚು ಕಾಯುವುದಿಲ್ಲ. ಹೊಗೆಯಲ್ಲಿ ಕುಳಿತು ರೊಟ್ಟಿ ಬಡಿಯುವ ದುಡಿಮೆಯನ್ನು ಹೆಣ್ಣುಮಕ್ಕಳಿಗಷ್ಟೇ ಬಿಟ್ಟು, ಅವರು ಅದನ್ನು ತೊರೆದರೆಂದು ಕೊರಗುವುದು ನ್ಯಾಯವೇ? ನನ್ನ ತರಗತಿಯ ಹುಡುಗರಿಗೆ ಹೇಳುವುದಿಷ್ಟೆ: ಜೋಳವಾಳಿಯ ಅರ್ಥವನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ಸಾಲದು, ರೊಟ್ಟಿ ತಟ್ಟುವುದನ್ನೂ ಕಲಿಯಿರಿ.