ಕಾವ್ಯರಚನೆಯಲ್ಲಿ ಯಂತ್ರದ ಸಹಕಾರ: ಮಾತ್ರಾಗಣನೆಯ ಪ್ರಶ್ನೆ

೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದಿತು. ಅಂದಿನಿಂದ ಕವಿತೆಯ ಕರಡನ್ನು ಯಂತ್ರದೊಡನೆ ತಿದ್ದುವ ಪ್ರಯೋಗವನ್ನು ಮೈಸೂರಿನ ಗೋಕುಲಂ ಬಡಾವಣೆಯ ಕವಿಯೂ ಮನೆಯಲ್ಲಿಯೇ ಕುಳಿತು ನಡೆಸಬಹುದಾಗಿದೆ. ಮುಕ್ತಛಂದಸ್ಸಿನಲ್ಲಿ ಒಪ್ಪತಕ್ಕ ಸಾಲುಗಳು ದೊರೆಯುತ್ತವೆ. ಭಾಮಿನೀ ಷಟ್ಪದಿಯನ್ನು ಕೇಳಿದಾಗ ತೊಡಕು ಮೊದಲಾಗುತ್ತದೆ.

ಭಾಮಿನಿಯ ೧, ೨, ೪, ೫ನೆಯ ಪಾದಗಳಿಗೆ ಮೂರು-ನಾಲ್ಕರ ಗಣಗಳಿಂದ ೧೪ ಮಾತ್ರೆಗಳು, ೩ ಮತ್ತು ೬ನೆಯ ಪಾದಗಳಿಗೆ ಕೊನೆಯ ಗುರುವೂ ಸೇರಿ ೨೩, ಒಟ್ಟು ೧೦೨. ಇದರ ಮೇಲೆ ಆರೂ ಪಾದಗಳಿಗೆ ಆದಿಪ್ರಾಸ. ಕಿವಿಯಿಂದ ಕಲಿತ ಗಮಕಿಗೆ ಇದು ಸಹಜವಾದುದು. ಭಾಷಾಮಾದರಿಯಾದರೋ ಪಠ್ಯವನ್ನು ತುಣುಕುಗಳಾಗಿ ಒಡೆದು ಮುಂದಿನ ತುಣುಕನ್ನು ಊಹಿಸುತ್ತದೆ. ‘ಸ್ತ್ರೀ’ ಎಂಬುದು ಛಂದಸ್ಸಿಗೆ ಒಂದೇ ಅಕ್ಷರ, ಒಂದು ಗುರು. ಯೂನಿಕೋಡಿನಲ್ಲಿ ಅದು ಆರು ಸಂಕೇತಗಳ ಸಾಲು. ತುಣುಕಿನ ಗಡಿಯು ಅಕ್ಷರದ ಗಡಿಯೊಡನೆ ಹೊಂದಲೇಬೇಕೆಂದಿಲ್ಲ. ಒತ್ತಕ್ಷರದ ಹಿಂದಿನ ಲಘು ಗುರುವಾಗುವ ನಿಯಮವನ್ನು ಸೊಗಸಾಗಿ ವಿವರಿಸಿದ ಯಂತ್ರವೇ ಪದ್ಯದಲ್ಲಿ ಅದನ್ನು ಮರೆಯುವುದುಂಟು.

ಪ್ರಸ್ತಾರ, ನಷ್ಟ, ಉದ್ದಿಷ್ಟಗಳನ್ನು ರೂಪಿಸಿದ ಛಂದಶ್ಶಾಸ್ತ್ರ ಮೂಲತಃ ಗಣಿತಕ್ಕೆ ಒಗ್ಗಿದ ಶಾಸ್ತ್ರ. ಲಘು-ಗುರುಗಳನ್ನು ನಿಯಮದಂತೆ ಗುರುತಿಸುವ ಚಿಕ್ಕ ತಂತ್ರಾಂಶಕ್ಕೆ ಈ ಎಣಿಕೆ ಕಷ್ಟವಲ್ಲ. ಆದುದರಿಂದ ಪ್ರಾಸಕ್ಕೊದಗುವ ಪರ್ಯಾಯ ಪದಗಳನ್ನು ಮಾದರಿಯಿಂದ ಪಡೆದು, ಮಾತ್ರೆಯನ್ನು ಇಂತಹ ತಂತ್ರಾಂಶದಿಂದ ಪರೀಕ್ಷಿಸಿ, ಆಯ್ಕೆಯನ್ನು ಕವಿಯೇ ಉಳಿಸಿಕೊಳ್ಳುವುದು ಲೇಸು. ಕಿವಿ ಪಳಗದವನಿಗೆ ೧೪ರ ಎಡೆಯಲ್ಲಿ ೧೫ ಬಂದುದು ತಿಳಿಯದು. ಯಂತ್ರವೂ ಸರಿಯೆಂದೇ ಹೇಳೀತು. ಹಾಗೆ ಅಚ್ಚಾದ ಪದ್ಯವೇ ಮುಂದಿನ ಮಾದರಿಗಳ ಕಲಿಕೆಯ ಸಾಮಗ್ರಿಯಾಗಬಹುದು. ಅಂತರಜಾಲದಲ್ಲಿ ಛಂದೋಬದ್ಧ ಪಠ್ಯ ವಿರಳವಾಗಿರುವ ಕನ್ನಡದಲ್ಲಿ ಅಂತಹ ದೋಷ ಬೇಗನೆ ಬೇರೂರುತ್ತದೆ.